ಹಳೇ 800 ತೇಲುತ್ತಿದೆ, ಸ್ಟೀರಿಂಗ್ ರ‍್ಯಾಕ್ ಬದಲಿಸಬೇಕಾ?

ಪ್ರಶ್ನೆ: ನಮ್ಮದು 1999ರ ಮಾರುತಿ 800. ಅಪ್ಪ ಹೊಸದಾಗಿ ಕೊಂಡಿದ್ದು, ಈವರೆಗೆ 92,000 ಕಿ.ಮೀ. ಓಡಿದೆ. ಅಪ್ಪನಿಗೆ ಮಂಡಿನೋವು ಶುರುವಾದ ಮೇಲೆ ಎರಡು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಈಗ ನಾನು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ವಾರಕ್ಕೆ ಎರಡು ಸಲ ಓಡಿಸುತ್ತಿದ್ದೇನೆ. ವೇಗ 50 ದಾಟಿದರೆ ಗಾಡಿ ತೇಲಿದ ಹಾಗಾಗುತ್ತದೆ. ಒಂದೇ ಕಡೆ ಎಳೆಯುವುದಿಲ್ಲ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಸ್ಟೀರಿಂಗ್ ಎರಡು ಬೆರಳಿನಷ್ಟು ಸುಮ್ನೆ ಆಡುತ್ತಿತ್ತು. ಮೊದಲ ಮೆಕ್ಯಾನಿಕ್ ಕೆಳಗೆ ಹೋಗಿ ಏನೋ ಟೈಟ್ ಮಾಡಿದರು. ಆಟ ಕಡಿಮೆಯಾಯಿತು, ಆದರೆ ಈಗ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ತೇಲುವುದೂ ಜಾಸ್ತಿಯಾಗಿದೆ. ಎರಡನೆಯವರು ಎರಡು ಸಲ ಅಲೈನ್‌ಮೆಂಟ್ ಮಾಡಿದರು. ಮೂರನೆಯವರು ರ‍್ಯಾಕ್ ಹೋಗಿದೆ, ಒಂಬತ್ತು ಸಾವಿರ ಆಗುತ್ತದೆ ಎಂದರು. ಜೋರಾಗಿ ಬ್ರೇಕ್ ಹಾಕಿದರೆ ಮೂತಿ ಎಡಕ್ಕೆ ಹೋಗುತ್ತದೆ, ಗುಂಡಿ ರಸ್ತೆಯಲ್ಲಿ ಎಡಗಡೆ 'ಠಕ್' ಎನ್ನುತ್ತದೆ. ಟೈರ್ 2016ರದ್ದು, ಬಟನ್ (ಟೈರಿನ ಮೇಲಿನ ಅಚ್ಚು) ಚೆನ್ನಾಗಿದೆ. ಹಳೇ ಗಾಡಿ ಹೀಗೇ ಇರುತ್ತದೆ, ಗುಜರಿಗೆ ಹಾಕು ಅಂತಾರೆ ಭಾವ. ಅಪ್ಪನಿಗೆ ಮಾರುವ ಮನಸ್ಸಿಲ್ಲ. ರ‍್ಯಾಕ್ ಹಾಕಿಸಲಾ? ಅಲ್ಲಿಯವರೆಗೆ ಓಡಿಸಬಹುದಾ?

ಉತ್ತರ: ಇಷ್ಟು ವಿವರವಾಗಿ ಬರೆದದ್ದಕ್ಕೆ ಮೊದಲು ಥ್ಯಾಂಕ್ಸ್. ಸಾಮಾನ್ಯವಾಗಿ ನನಗೆ ಬರುವ ಪ್ರಶ್ನೆ 'ಸ್ಟೀರಿಂಗ್ ಲೂಸ್ ಇದೆ, ಏನು ಮಾಡಲಿ' ಅಂತ ಒಂದೇ ಸಾಲು. ನಿಮ್ಮ ಪತ್ರದಲ್ಲಿ ರೋಗದ ಅರ್ಧ ಗುರುತು ಆಗಲೇ ಇದೆ.

ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಮೂರು ಜನ ಮೆಕ್ಯಾನಿಕ್, ಮೂರು ಮಾತು. ದುಡ್ಡು ಹೋಗುತ್ತಿದೆ, ಗಾಡಿ ಮೊದಲಿಗಿಂತ ಕೆಟ್ಟಿದೆ. ಒಂಬತ್ತು ಸಾವಿರ ಕೊಟ್ಟ ಮೇಲೂ ಸರಿಹೋಗದಿದ್ದರೆ ಎಂಬ ಭಯ. ಆ ಭಯ ಸರಿಯಾದದ್ದೇ. ನೀವು ಬರೆದದ್ದನ್ನು ನೋಡಿದರೆ, ಈಗಲೇ ರ‍್ಯಾಕ್ ಬದಲಿಸಿದರೆ ಗಾಡಿ ತೇಲುವುದು ನಿಲ್ಲುವ ಸಾಧ್ಯತೆ ಕಡಿಮೆ.

ಯಾಕೆ ಅಂದರೆ ಇಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳನ್ನು ಎಲ್ಲರೂ ಒಂದೇ ಅಂದುಕೊಂಡಿದ್ದಾರೆ. ಸ್ಟೀರಿಂಗ್ ಆಡುವುದು ಒಂದು, ಗಾಡಿ ತೇಲುವುದು ಇನ್ನೊಂದು. ಕೈಯಲ್ಲಿ ವೀಲ್ ತಿರುಗಿಸಿದರೂ ಚಕ್ರ ಅಲ್ಲಾಡದಿದ್ದರೆ ಅದು ಆಟ, ನಮ್ಮ ಭಾಷೆಯಲ್ಲಿ 'ಪ್ಲೇ'. ಕೈ ಅಲ್ಲಾಡದಿದ್ದರೂ ಗಾಡಿ ತನ್ನಷ್ಟಕ್ಕೆ ದಾರಿ ಬಿಟ್ಟರೆ ಅದು ತೇಲುವುದು. ಒಂದಿದ್ದ ಕಡೆ ಇನ್ನೊಂದು ಇರಲೇಬೇಕು ಅಂತಿಲ್ಲ. ನಾಲ್ಕು ಬೆರಳು ಪ್ಲೇ ಇದ್ದೂ ರೈಲಿನ ಹಾಗೆ ನೇರ ಹೋಗುವ ಹಳೇ ಜೀಪುಗಳನ್ನು ನೋಡಿದ್ದೇನೆ. ಒಂದು ಚೂರೂ ಪ್ಲೇ ಇಲ್ಲದೆ ಕುಡಿದವರ ಹಾಗೆ ಹೋಗುವ ಕಾರುಗಳನ್ನೂ ನೋಡಿದ್ದೇನೆ.

ಈಗ ನಿಮ್ಮ 'ಎರಡು ಬೆರಳು' ನೋಡೋಣ. ಈ ಗಾಡಿಗೆ ಸ್ಟೀರಿಂಗ್ ವೀಲಿನ ಅಂಚಿನಲ್ಲಿ ಸೊನ್ನೆಯಿಂದ 30 ಮಿಲಿಮೀಟರ್‌ವರೆಗೆ ಪ್ಲೇ ಇರಬಹುದು. ಎರಡು ಬೆರಳು ಅಂದರೆ ಹೆಚ್ಚುಕಡಿಮೆ 35. ಅಂದರೆ ನಿಮ್ಮ ಗಾಡಿಯ ಪ್ಲೇ ಗೆರೆ ದಾಟಿತ್ತು ನಿಜ, ಆದರೆ ಸ್ವಲ್ಪವೇ. 25 ವರ್ಷ ದಾಟಿದ ಗಾಡಿಗೆ ಅದು ದೊಡ್ಡ ಗಾಯವಲ್ಲ. ಸ್ಟೀರಿಂಗಿನ ತಳ್ಳುವಿಕೆಯನ್ನು ಚಕ್ರಕ್ಕೆ ಮುಟ್ಟಿಸುವ ಸರಳು ಟೈ ರಾಡ್, ಅದರ ತುದಿಯ ಕೀಲು ಟೈ ರಾಡ್ ಎಂಡ್. ಅದೊಂದು ಸವೆದಿದ್ದರೂ ಅಷ್ಟಾಗುತ್ತದೆ. ಆ ಚಿಕ್ಕ ಆಟದ ಹಿಂದೆ ಹೋಗಿ, ತೇಲುವ ದೊಡ್ಡ ದೂರನ್ನು ಯಾರೂ ವಿಚಾರಿಸಲೇ ಇಲ್ಲ.

ಮೊದಲ ಮೆಕ್ಯಾನಿಕ್ ಏನು ಟೈಟ್ ಮಾಡಿದರು ಅಂತ ನೋಡದೆಯೇ ಹೇಳಬಲ್ಲೆ. ರ‍್ಯಾಕ್ ಅಂದರೆ ಹಲ್ಲಿರುವ ಒಂದು ಉದ್ದ ಕಂಬಿ. ಸ್ಟೀರಿಂಗ್ ಕಂಬದ ತುದಿಯಲ್ಲಿರುವ ಚಿಕ್ಕ ಹಲ್ಲಿನ ಚಕ್ರ, ಅಂದರೆ ಪಿನಿಯನ್, ಅದನ್ನು ಎಡಬಲಕ್ಕೆ ತಳ್ಳುತ್ತದೆ. ಎರಡರ ಹಲ್ಲು ಸದಾ ಒತ್ತಿಕೊಂಡಿರಲಿ ಅಂತ ಕಂಬಿಯ ಬೆನ್ನಿಗೆ ಒಂದು ಪ್ಲಂಜರ್, ಅದರ ಹಿಂದೆ ಸ್ಪ್ರಿಂಗ್, ಸ್ಪ್ರಿಂಗ್ ಹಿಂದೆ ಒಂದು ಸ್ಕ್ರೂ ಮತ್ತು ಲಾಕ್ ನಟ್ ಇರುತ್ತದೆ. ಆ ಸ್ಕ್ರೂ ತಿರುಗಿಸಿದರೆ ಪ್ಲೇ ಕಡಿಮೆಯಾಗುತ್ತದೆ. ಎರಡು ನಿಮಿಷದ ಕೆಲಸ, ಗಿರಾಕಿಗೂ ಖುಷಿ. ನಾನೂ ಕಲಿಯುವ ದಿನಗಳಲ್ಲಿ ಇದನ್ನೇ ಮಾಡಿ ಶಭಾಷ್ ಅನ್ನಿಸಿಕೊಂಡಿದ್ದೇನೆ. ಒಂದು ವಾರಕ್ಕೆ ಅದೇ ಗಿರಾಕಿ ವಾಪಸ್ ಬಂದು ಬೈದದ್ದೂ ಉಂಟು.

ರ‍್ಯಾಕಿನ ಹಲ್ಲು ಸವೆಯುವುದು ನಡುಮಧ್ಯದಲ್ಲಿ. ನಾವು ಬಹುಪಾಲು ನೇರ ಓಡಿಸುತ್ತೇವೆ, ಅಲ್ವಾ? ಅದಕ್ಕೆ. ತುದಿಗಳ ಹಲ್ಲು ಹೊಸದರಂತೆಯೇ ಉಳಿದಿರುತ್ತದೆ. ನಡುವಿನ ಸವೆತಕ್ಕೆ ಸರಿಯಾಗಿ ಸ್ಕ್ರೂ ಬಿಗಿ ಮಾಡಿದರೆ ತುದಿಗಳಲ್ಲಿ ಕಂಬಿ ಹಿಡಿದುಕೊಳ್ಳುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ವಾಪಸ್ ಬರುವುದಿಲ್ಲ. ತುಂಬಾ ಬಿಗಿ ಮಾಡಿದರೆ ನಡುವಿನಲ್ಲೂ ಹಿಡಿಯುತ್ತದೆ. ಆಗ ನೀವು ಚೂರು ಎಡಕ್ಕೆ ತಿದ್ದಿದರೆ ವೀಲ್ ಎಡದಲ್ಲೇ ನಿಲ್ಲುತ್ತದೆ, ಗಾಡಿ ಎಡಕ್ಕೆ ಹೋಗುತ್ತದೆ. ಬಲಕ್ಕೆ ತಿದ್ದುತ್ತೀರಿ, ಬಲದಲ್ಲೇ ನಿಲ್ಲುತ್ತದೆ. ಶಿವಮೊಗ್ಗ ಮುಟ್ಟುವ ಹೊತ್ತಿಗೆ ಭುಜ ನೋವು. 'ಟೈಟ್ ಮಾಡಿದ ಮೇಲೆ ತೇಲುವುದು ಜಾಸ್ತಿಯಾಯಿತು' ಅಂತ ನೀವು ಬರೆದದ್ದು ಭ್ರಮೆಯಲ್ಲ.

ಸರಿ, ಇದು ಆಮೇಲೆ ಸೇರಿಕೊಂಡ ತೊಂದರೆ. ಮೊದಲಿನಿಂದ ಇದ್ದದ್ದು ಯಾವುದು?

ಗಾಡಿ ನೇರ ಹೋಗುವುದು ಸ್ಟೀರಿಂಗಿನಿಂದ ಅಲ್ಲ. ಸೈಕಲ್ಲನ್ನು ಕೈ ಬಿಟ್ಟು ಓಡಿಸಿದ ನೆನಪು ಇದ್ದೇ ಇರುತ್ತದೆ. ಸೈಕಲ್ಲಿನ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ನೆಟ್ಟಗಿಲ್ಲ, ಹಿಂದಕ್ಕೆ ವಾಲಿದೆ. ಹಾಗಾಗಿ ಟೈರ್ ನೆಲ ಮುಟ್ಟುವ ಜಾಗ, ಚಕ್ರ ಎಡಬಲಕ್ಕೆ ತಿರುಗುವ ಗೆರೆಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಚಕ್ರ ಆ ಗೆರೆಯ ಹಿಂದೆ ಎಳೆದುಕೊಂಡು ಬರುವುದರಿಂದ ತಾನಾಗಿ ನೇರವಾಗುತ್ತದೆ. ಕಾರಿನಲ್ಲೂ ಇದೇ ವಾಲಿಕೆ ಇದೆ, ಅದಕ್ಕೆ ಕ್ಯಾಸ್ಟರ್ ಅನ್ನುತ್ತಾರೆ. ಇನ್ನೊಂದು ಟೋ. ಮೇಲಿನಿಂದ ನೋಡಿದರೆ ಎರಡು ಮುಂಚಕ್ರಗಳ ಮೂತಿ ಒಳಮುಖವಾಗಿವೆಯೋ ಹೊರಮುಖವಾಗಿವೆಯೋ ಎಂಬುದು. ಹೊರಮುಖವಾಗಿ ಹೋದರೆ ಎರಡು ಚಕ್ರ ಎರಡು ದಿಕ್ಕಿಗೆ ಹೊರಟ ಹಾಗೆ. ಯಾವುದರ ಮೇಲೆ ಭಾರ ಬೀಳುತ್ತದೋ ಅದು ಗೆಲ್ಲುತ್ತದೆ. ತೇಲುವ ಗಾಡಿಯಲ್ಲಿ ಸಾಮಾನ್ಯವಾಗಿ ಈ ಎರಡರಲ್ಲಿ ಒಂದು ಕೈಕೊಟ್ಟಿರುತ್ತದೆ, ಇಲ್ಲವೇ ಟೈರ್.

ಇಲ್ಲಿ 800ರ ಒಂದು ವಿಶೇಷ ಹೇಳಲೇಬೇಕು, ನಿಮ್ಮ ಕಥೆಯ ಗುಟ್ಟು ಅಲ್ಲೇ ಇದೆ ಅಂತ ನನ್ನ ಅನುಮಾನ. ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಬಾಗಿದ ಒಂದು ಕಬ್ಬಿಣದ ಸರಳು ಇದೆ. ಗ್ಯಾರೇಜಿನಲ್ಲಿ ಸ್ಟೆಬಿಲೈಜರ್ ರಾಡ್ ಅನ್ನುತ್ತಾರೆ. ಬಹಳಷ್ಟು ಕಾರುಗಳಲ್ಲಿ ಇದರ ಕೆಲಸ ತಿರುವಿನಲ್ಲಿ ಗಾಡಿ ವಾಲದಂತೆ ನೋಡಿಕೊಳ್ಳುವುದು ಮಾತ್ರ. ಅದು ಕೆಟ್ಟರೂ ಗಾಡಿ ನೇರ ಹೋಗುತ್ತದೆ. 800ರಲ್ಲಿ ಹಾಗಲ್ಲ. ಇಲ್ಲಿ ಚಕ್ರ ಹಿಡಿದಿರುವ ಲೋವರ್ ಆರ್ಮ್ ಹಿಂದೆಮುಂದೆ ಹೋಗದಂತೆ ತಡೆಯುವುದೂ ಇದೇ ಸರಳು. ಸರಳಿನ ತುದಿ ಲೋವರ್ ಆರ್ಮಿನ ತೂತಿನೊಳಗೆ ಹೋಗಿ, ಎರಡು ಕಡೆ ರಬ್ಬರ್ ಬುಷ್, ವಾಷರ್, ನಟ್ ಹಾಕಿಕೊಂಡು ಕೂತಿದೆ. ಆ ರಬ್ಬರ್ ಹೋದರೆ ಬ್ರೇಕ್ ಹಾಕಿದಾಗ ಚಕ್ರವೇ ಹಿಂದಕ್ಕೆ ಸರಿಯುತ್ತದೆ. ಆಕ್ಸಿಲರೇಟರ್ ಒತ್ತಿದರೆ ಮುಂದಕ್ಕೆ ಬರುತ್ತದೆ. ಚಕ್ರ ಸರಿದಾಗ ಟೈ ರಾಡ್ ಮಾತ್ರ ತನ್ನ ಜಾಗದಲ್ಲೇ ಇರುವುದರಿಂದ ಟೋ ಬದಲಾಗುತ್ತದೆ, ಕ್ಯಾಸ್ಟರೂ ಬದಲಾಗುತ್ತದೆ. ನೀವು ಸ್ಟೀರಿಂಗ್ ಮುಟ್ಟಿಲ್ಲ, ಆದರೂ ಗಾಡಿ ತಿರುಗಿತು.

ಬ್ರೇಕ್ ಹಾಕಿದರೆ ಎಡಕ್ಕೆ ಹೋಗುವುದು, ಗುಂಡಿಯಲ್ಲಿ ಎಡಗಡೆ ಠಕ್ ಅನ್ನುವುದು, 50ರ ಮೇಲೆ ಅತ್ತಿತ್ತ ತೇಲುವುದು. ಮೂರೂ ಎಡಗಡೆಯ ಆ ಬುಷ್ ಕಡೆಗೇ ಬೆರಳು ತೋರಿಸುತ್ತವೆ. ಎರಡು ವರ್ಷ ಶೆಡ್ಡಿನಲ್ಲಿ ನಿಂತದ್ದು ಅದಕ್ಕೆ ಒಳ್ಳೆಯದು ಮಾಡಿಲ್ಲ. ಓಡುವ ಗಾಡಿಯ ರಬ್ಬರಿಗಿಂತ ನಿಂತ ಗಾಡಿಯ ರಬ್ಬರ್ ಬೇಗ ಒಣಗಿ ಬಿರಿಯುತ್ತದೆ. ನಿಮ್ಮ ಕಡೆಯ ಮಳೆ, ಕೆಸರು ಬೇರೆ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಆಗುಂಬೆಯ ಪಕ್ಕದಲ್ಲೇ ಇದ್ದೀರಿ. ಅಲ್ಲಿಂದ ಬರುವ ಗಾಡಿಗಳ ನಟ್ಟು ಬಿಚ್ಚಲು ಎಣ್ಣೆ ಹಾಕಿ ಒಂದು ರಾತ್ರಿ ಕಾಯುವುದು ನಮ್ಮಲ್ಲಿ ಮಾಮೂಲು.

ಕೆಲವು ವರ್ಷದ ಹಿಂದೆ ಕೊಪ್ಪದ ಕಡೆಯಿಂದ ಒಬ್ಬ ನಿವೃತ್ತ ಮೇಷ್ಟ್ರು ಇಂಥದ್ದೇ ಬಿಳಿ 800 ತಂದರು. ಬೇರೊಂದು ಕಡೆ ಹೊಸ ರ‍್ಯಾಕ್ ಹಾಕಿಸಿ ಆಗಿತ್ತು. ಬಿಲ್ಲು ಕೂಡ ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಆದರೂ ಗಾಡಿ ತೇಲುತ್ತಿತ್ತು. ನಾನು ಪಿಟ್ಟಿಗೆ ಇಳಿದು ಸ್ಟೆಬಿಲೈಜರ್ ತುದಿಯ ವಾಷರ್ ಮೇಲೆ ಹೆಬ್ಬೆರಳು ಇಟ್ಟೆ. ಹುಡುಗನಿಗೆ ಗಾಡಿ ಅರ್ಧ ಅಡಿ ಮುಂದೆ ತಳ್ಳಿ ಬ್ರೇಕ್ ಹಾಕು ಎಂದೆ. ಹೆಬ್ಬೆರಳಿನ ಕೆಳಗೆ ವಾಷರ್ ಕಾಲು ಇಂಚು ಸರಿಯಿತು, ಠಕ್ ಅಂತು. ಬಿಚ್ಚಿದಾಗ ಬುಷ್ ಇಡಿಯಾಗಿ ಬರಲಿಲ್ಲ. ಸುಟ್ಟ ಹಪ್ಪಳದ ಹಾಗೆ ಪುಡಿಪುಡಿಯಾಗಿ ಅಂಗೈ ಮೇಲೆ ಬಿತ್ತು. ಆ ಪುಡಿಯನ್ನು ಮೇಷ್ಟ್ರಿಗೆ ತೋರಿಸಿದೆ. ಅವರು ಅದನ್ನೊಮ್ಮೆ, ಜೇಬಿನ ಬಿಲ್ಲನ್ನೊಮ್ಮೆ ನೋಡಿದರು. ಕೆಲವು ನೂರು ರೂಪಾಯಿಯ ರಬ್ಬರಿಗಾಗಿ ಸಾವಿರಗಟ್ಟಲೆ ಹೋಗಿತ್ತು.

ಹಾಗಂತ ನಿಮ್ಮದೂ ಅದೇ ಅಂತ ಇಲ್ಲಿ ಕೂತು ತೀರ್ಪು ಕೊಡಲಾರೆ. ಬ್ರೇಕ್ ಹಾಕಿದಾಗ ಎಡಕ್ಕೆ ಹೋಗಲು ಇನ್ನೊಂದು ಕಾರಣವಿದೆ, ಬ್ರೇಕೇ. ಎರಡು ವರ್ಷ ನಿಂತ ಗಾಡಿಯಲ್ಲಿ ಬಲಗಡೆಯ ಬ್ರೇಕ್ ತುಕ್ಕಿಗೆ ಹಿಡಿದುಕೊಂಡು ಸರಿಯಾಗಿ ಕೆಲಸ ಮಾಡದಿದ್ದರೂ ಗಾಡಿ ಎಡಕ್ಕೇ ಎಳೆಯುತ್ತದೆ. ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ. ಬ್ರೇಕಿನ ದೋಷವಾದರೆ ಪೆಡಲ್ ಒತ್ತಿದಷ್ಟೂ ಹೊತ್ತು ಒಂದೇ ಸಮ ಎಳೆಯುತ್ತದೆ. ಬುಷ್ ಆದರೆ ಒತ್ತಿದ ಕ್ಷಣ ಒಮ್ಮೆ ಜಗ್ಗುತ್ತದೆ, ಬಿಟ್ಟ ಕ್ಷಣ ವಾಪಸ್ ಜಗ್ಗುತ್ತದೆ, ಎರಡೂ ಸಲ ಸಣ್ಣ ಠಕ್. ಮುಂದಿನ ಸಲ ಖಾಲಿ ರಸ್ತೆಯಲ್ಲಿ 30ರ ವೇಗದಲ್ಲಿ ಗಮನಿಸಿ.

ಈಗ ಟೈರ್. 'ಬಟನ್ ಚೆನ್ನಾಗಿದೆ' ಅಂತ ಬರೆದಿದ್ದೀರಿ. ಇದು ನಾನು ದಿನಾ ಕೇಳುವ ಮಾತು. ಬಟನ್ ನೋಡಿ ಟೈರ್ ಅಳೆಯುವುದು ಹಲ್ಲು ನೋಡಿ ದನದ ವಯಸ್ಸು ಹೇಳಿದ ಹಾಗಲ್ಲ. ಕಡಿಮೆ ಓಡಿದ ಗಾಡಿಯಲ್ಲಿ ಬಟನ್ ಹಾಗೇ ಇರುತ್ತದೆ, ರಬ್ಬರ್ ಮಾತ್ರ ಮುದಿಯಾಗಿರುತ್ತದೆ. ಟೈರಿನ ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಹುಡುಕಿ. 2316 ಅಂತಿದ್ದರೆ 2016ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ ಟೈರನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಹತ್ತರ ಹತ್ತಿರ ಬಂದದ್ದನ್ನು ಬಟನ್ ಎಷ್ಟಿದ್ದರೂ ತೆಗೆಸುತ್ತೇನೆ. ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಿಂತ ಟೈರ್ ಕೆಳಗೆ ಚಪ್ಪಟೆಯಾಗಿರುತ್ತದೆ, ಒಳಗಿನ ಪದರ ಬಿಟ್ಟಿರಲೂಬಹುದು. ಅಂಥ ಟೈರ್ ರಸ್ತೆಯ ಪ್ರತಿ ಗೆರೆಗೂ ಅಂಚಿಗೂ ಎಳೆದುಕೊಂಡು ಹೋಗುತ್ತದೆ. ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ. ತೇಲುವ ರೀತಿ ಬದಲಾದರೆ ಟೈರಿನದ್ದೂ ಪಾಲಿದೆ ಅಂತ ಲೆಕ್ಕ. ಗಾಳಿಯನ್ನು ಕಂಪನಿ ಪುಸ್ತಕದಲ್ಲಿ ಹೇಳಿದಷ್ಟೇ, ಟೈರ್ ತಣ್ಣಗಿದ್ದಾಗ ಹಿಡಿಸಿ. ಗಾಳಿ ಜಾಸ್ತಿ ಹಿಡಿದರೆ ನೇರ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಈ ಹಗುರದ ಗಾಡಿ ಇನ್ನೂ ಕುಣಿಯುತ್ತದೆ.

ಎರಡು ಸಲ ಅಲೈನ್‌ಮೆಂಟ್ ಮಾಡಿದರೂ ಯಾಕೆ ಸರಿಹೋಗಲಿಲ್ಲ ಅಂತ ಕೇಳಬಹುದು. ಕಂಪ್ಯೂಟರಿನಲ್ಲಿ ಎಲ್ಲಾ ಹಸಿರು ಬಂದಿರುತ್ತದೆ, ಸುಳ್ಳೇನಲ್ಲ. ಆದರೆ ಅಲ್ಲಿ ಗಾಡಿ ನಿಂತಿದೆ. ಯಾರೂ ಬ್ರೇಕ್ ಹಾಕುತ್ತಿಲ್ಲ, ಗುಂಡಿ ಇಲ್ಲ. ಸತ್ತ ಬುಷ್ ಕೂಡ ಸುಮ್ನೆ ಒಂದು ಜಾಗದಲ್ಲಿ ಕೂತಿರುತ್ತದೆ. ಹೊರಗೆ ಬಂದು ನಾಲ್ಕು ಗುಂಡಿ ಹಾರಿದರೆ ಅದು ಬೇರೆ ಜಾಗದಲ್ಲಿ ಕೂರುತ್ತದೆ, ಹಸಿರು ಹೋಯಿತು. ಅಲ್ಲಾಡುವ ಕಂಬಕ್ಕೆ ತೂಗುಗುಂಡು ಹಿಡಿದರೆ ಏನು ಬಂತು? ಅಲೈನ್‌ಮೆಂಟ್ ಏನಿದ್ದರೂ ಕಟ್ಟಕಡೆಯ ಕೆಲಸ. ಒಳ್ಳೆಯ ಅಲೈನ್‌ಮೆಂಟ್‌ನವರು ಮೊದಲು ಚಕ್ರ ಅಲ್ಲಾಡಿಸಿ ನೋಡುತ್ತಾರೆ. ಸವೆತ ಕಂಡರೆ 'ಇದನ್ನು ಸರಿಮಾಡಿಸಿಕೊಂಡು ಬನ್ನಿ' ಅಂತ ವಾಪಸ್ ಕಳಿಸುತ್ತಾರೆ. ಅಂಥವರ ಅಂಗಡಿ ಸಿಕ್ಕರೆ ಬಿಡಬೇಡಿ.

ಭಾವ ಹೇಳುವ 'ಹಳೇ ಗಾಡಿ ಹೀಗೇ' ಎಂಬುದರಲ್ಲಿ ಅರ್ಧ ಸತ್ಯವಿದೆ. 800ರ ತೂಕ ಸುಮಾರು 650 ಕೆ.ಜಿ., ಚಕ್ರ 12 ಇಂಚಿನದು, ಟೈರ್ ಕಿರಿದು. ಎದುರಿನಿಂದ ಬಸ್ಸು ಬೀಸಿಕೊಂಡು ಹೋದರೆ ಈ ಗಾಡಿ ಅಲುಗುತ್ತದೆ. ಹೊಸದಿದ್ದಾಗಲೂ ಅಲುಗುತ್ತಿತ್ತು. ಇವತ್ತಿನ ಕಾರು ಓಡಿಸಿ ರೂಢಿಯಾದವರಿಗೆ ಅದು ಇನ್ನೂ ಜಾಸ್ತಿ ಅನ್ನಿಸುತ್ತದೆ. ಆದರೆ ಗಾಳಿ ಇಲ್ಲದ, ಎದುರು ಯಾರೂ ಇಲ್ಲದ ರಸ್ತೆಯಲ್ಲಿ 50ಕ್ಕೆ ತೇಲುವುದು ವಯಸ್ಸಲ್ಲ, ದೋಷ. ನಿಮ್ಮ ಅಪ್ಪನನ್ನೇ ಕೇಳಿ. ಎರಡು ವರ್ಷದ ಹಿಂದೆ ಅವರು ಓಡಿಸುವಾಗ ಹೀಗಿತ್ತಾ ಅಂತ.

ಅಪ್ಪನಿಂದ ಇನ್ನೊಂದು ಸಹಾಯವೂ ಬೇಕು. ಸ್ಟೀರಿಂಗ್ ಪರೀಕ್ಷೆಗೆ ಇಬ್ಬರು ಬೇಕು, ಮಂಡಿನೋವಿದ್ದರೂ ಡ್ರೈವರ್ ಸೀಟಿನಲ್ಲಿ ಕೂರಲು ಅಡ್ಡಿಯಿಲ್ಲ. ಗಾಡಿ ನಾಲ್ಕೂ ಚಕ್ರದ ಮೇಲೆ ನೆಲದಲ್ಲಿರಲಿ, ಮುಂಚಕ್ರ ನೇರವಿರಲಿ. ಅಪ್ಪ ವೀಲನ್ನು ಗಡಿಯಾರದ ಹನ್ನೊಂದರಿಂದ ಒಂದರವರೆಗೆ ಮಾತ್ರ, ಚಿಕ್ಕದಾಗಿ, ಒಂದೇ ತಾಳದಲ್ಲಿ ಅತ್ತಿತ್ತ ಆಡಿಸುತ್ತಿರಲಿ. ನೀವು ಅಥವಾ ಮೆಕ್ಯಾನಿಕ್ ಆ ಅಲುಗಾಟವನ್ನು ಮೇಲಿನಿಂದ ಕೆಳಗೆ ಹಿಂಬಾಲಿಸಿ. ಮೊದಲು ಪೆಡಲ್ ಹತ್ತಿರ ಕಂಬದ ಜಾಯಿಂಟ್. ಅದರ ಮೇಲಿನ ಭಾಗ ತಿರುಗಿ, ಕೆಳಗಿನ ಭಾಗ ತಡವಾಗಿ ತಿರುಗಿದರೆ ಕಳ್ಳ ಅಲ್ಲೇ ಇದ್ದಾನೆ. ಆಮೇಲೆ ರ‍್ಯಾಕ್ ಬಾಡಿ. ಅದು ಗಾಡಿಯ ಮೈಗೆ ಕಚ್ಚಿಕೊಂಡಿರಬೇಕು. ಕ್ಲ್ಯಾಂಪಿನ ರಬ್ಬರ್ ಹೋಗಿ ಇಡೀ ರ‍್ಯಾಕೇ ಎಡಬಲ ಸರಿದಾಡುವುದು ಉಂಟು. ಹೊಸ ರ‍್ಯಾಕ್ ಹಾಕಿದರೂ ಹಳೇ ಕ್ಲ್ಯಾಂಪ್ ರಬ್ಬರೇ ಇದ್ದರೆ ಅದೂ ಸರಿದಾಡುತ್ತದೆ. ಆಮೇಲೆ ರ‍್ಯಾಕಿನ ತುದಿಯ ರಬ್ಬರ್ ಬೂಟು. ಅದರ ಮೇಲಿಂದಲೇ ಹಿಚುಕಿ ಒಳಗಿನ ಬಾಲ್ ಜಾಯಿಂಟನ್ನು, ಅಂದರೆ ಬಟ್ಟಲಿನಲ್ಲಿ ಗುಂಡು ಕೂತ ಹಾಗಿರುವ ಕೀಲನ್ನು, ಬೆರಳಲ್ಲಿ ಹಿಡಿಯಿರಿ, ಸವೆದಿದ್ದರೆ ಕಿಟ್ ಕಿಟ್ ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ. ಕೊನೆಗೆ ಚಕ್ರದ ಹತ್ತಿರದ ಟೈ ರಾಡ್ ಎಂಡ್. ಅಲುಗಾಟ ಎಲ್ಲಿಯವರೆಗೆ ಬಂದು ಸತ್ತುಹೋಗುತ್ತದೋ ಸವೆತ ಅಲ್ಲಿದೆ. ಕಣ್ಣಿಗಿಂತ ಬೆರಳನ್ನೇ ಜಾಸ್ತಿ ನಂಬಿ. ಬೂಟು ಹರಿದಿದೆಯಾ ಅಂತಲೂ ನೋಡಿ. ನಿಂತ ಗಾಡಿಯ ಬೂಟನ್ನು ಇಲಿ ಕಡಿದಿರುತ್ತದೆ. ಕೆಸರುನೀರು ಒಳಗೆ ಹೋಗಿದ್ದರೆ ಆಗ ಮಾತ್ರ ರ‍್ಯಾಕಿನ ಬಗ್ಗೆ ನಾನೂ ಚಿಂತೆ ಮಾಡುತ್ತೇನೆ.

ಇನ್ನೊಂದು ಪರೀಕ್ಷೆಗೆ ಮುಂಭಾಗ ಎತ್ತಬೇಕು. ದಯವಿಟ್ಟು ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಅಂತೂ ಬೇಡವೇ ಬೇಡ, ಅವು ಎಚ್ಚರಿಕೆ ಕೊಡದೆ ಒಡೆಯುತ್ತವೆ. ಕಬ್ಬಿಣದ ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸ ಗ್ಯಾರೇಜಿಗೇ ಬಿಡಿ. ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ವೀಲ್ ಬೇರಿಂಗ್ ಅಥವಾ ಲೋವರ್ ಆರ್ಮಿನ ಬಾಲ್ ಜಾಯಿಂಟ್. ಅಪ್ಪ ಬ್ರೇಕ್ ಒತ್ತಿ ಹಿಡಿದಾಗ ಆ ಆಟ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಎಡಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಇದ್ದರೆ ಟೈ ರಾಡ್ ಅಥವಾ ರ‍್ಯಾಕ್ ಕಡೆಯದು. ಚಕ್ರ ಗಾಳಿಯಲ್ಲಿರುವಾಗಲೇ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ನಡುವೆ ಹಗುರ, ತುದಿಗಳಲ್ಲಿ ಬಿಗಿ ಅನ್ನಿಸಿದರೆ ನಾನು ಹೇಳಿದ ಸ್ಕ್ರೂ ಕಥೆ ಖಚಿತ. ಉದ್ದಕ್ಕೂ ಒಂದೇ ಸಮ ಬಿಗಿ ಅಥವಾ ಮರಳು ಅರೆದ ಹಾಗಿದ್ದರೆ ಎರಡೂ ಟೈ ರಾಡ್ ಬಿಚ್ಚಿ ಮತ್ತೆ ತಿರುಗಿಸಿ ನೋಡಬೇಕು. ಆಗ ಹಗುರವಾದರೆ ಬಾಲ್ ಜಾಯಿಂಟೋ, ಸಸ್ಪೆನ್ಷನ್ ಕಂಬದ ಮೇಲ್ತುದಿಯ ಸ್ಟ್ರಟ್ ಬೇರಿಂಗೋ ಒಣಗಿದೆ. ಆಗಲೂ ಬಿಗಿಯಾಗೇ ಇದ್ದರೆ ದೋಷ ರ‍್ಯಾಕಿನಲ್ಲಿದೆ, ಇಲ್ಲವೇ ಸ್ಟೀರಿಂಗ್ ಕಂಬದಲ್ಲಿದೆ.

ರ‍್ಯಾಕ್ ನಿಜವಾಗಲೂ ಹೋಗಿದ್ದರೆ ಏನು ಮಾಡಬೇಕು ಅಂತಲೂ ಹೇಳಿಬಿಡುತ್ತೇನೆ. ನಮ್ಮ ಬಲಗೈ ಡ್ರೈವಿಂಗಿನ ಗಾಡಿಯಲ್ಲಿ ಪಿನಿಯನ್ ಬಲಕ್ಕಿದೆ. ಎಡತುದಿಯಲ್ಲಿ ಕಂಬಿಗೆ ಆಸರೆ ಒಂದು ಬುಷ್ ಮಾತ್ರ. ಎಡಗಡೆ ಬೂಟಿನ ಹತ್ತಿರ ಟೈ ರಾಡ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಕಂಬಿಯೇ ಕುಣಿದರೆ ಹೋಗಿರುವುದು ಆ ಬುಷ್. ಅದೊಂದನ್ನೇ ಬದಲಿಸಬಹುದು. ಲೇತಿನಲ್ಲಿ ನೈಲಾನ್ ಬುಷ್ ಮಾಡಿಸಿ ಹಾಕುವವರೂ ಇದ್ದಾರೆ. ಅಳತೆ ಸರಿಯಿದ್ದರೆ ಬಾಳುತ್ತದೆ, ಬಿಗಿಯಾದರೆ ಮತ್ತೆ ವಾಪಸ್ ಬಾರದ ಸ್ಟೀರಿಂಗ್. ಹಲ್ಲು ಸವೆದಿದ್ದರೆ ಅಥವಾ ಕಂಬಿಗೆ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ರಿಪೇರಿಗೆ ಹೋಗದೆ ಪೂರ್ತಿ ಬದಲಿಸುವುದೇ ಸರಿ. ಗುಜರಿಯಿಂದ ಹಳೇ ರ‍್ಯಾಕ್ ತಂದು ಹಾಕೋಣ ಅನ್ನುವವರು ಸಿಗುತ್ತಾರೆ. ನಾನು ಸ್ಟೀರಿಂಗ್ ಮತ್ತು ಬ್ರೇಕ್ ಸಾಮಾನನ್ನು ಗುಜರಿಯಿಂದ ಹಾಕುವುದಿಲ್ಲ. ಆ ಗಾಡಿ ಗುಜರಿಗೆ ಬಂದದ್ದೇ ಮೂತಿ ಗುದ್ದಿಕೊಂಡು ಆಗಿರಬಹುದು, ಕಂಬಿ ಕೂದಲೆಳೆಯಷ್ಟು ಬಾಗಿದ್ದರೂ ಹೊರಗೆ ಕಾಣಿಸುವುದಿಲ್ಲ. 800ರ ತಯಾರಿಕೆ 2014ರಲ್ಲಿ ನಿಂತಿದ್ದರೂ ಸಾಮಾನಿಗೆ ಬರವಿಲ್ಲ. ಶಿವಮೊಗ್ಗದಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಬುಷ್ ಮಾತ್ರ ಒರಿಜಿನಲ್ ಕೇಳಿ. ಲೋಕಲ್ ರಬ್ಬರ್ ನೋಡಲು ಒಂದೇ ಥರ, ಆದರೆ ಒಂದು ಮಳೆಗಾಲಕ್ಕೆ ಮೆತ್ತಗಾಗುತ್ತದೆ.

ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಕೂರಿಸಿಬಿಡಿ, ಎಲ್ಲಾ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸವೆತ ಹಾಗೇ ಇರುತ್ತದೆ, ರಸ್ತೆಯಿಂದ ಕೈಗೆ ಬರುವ ಸುದ್ದಿ ಮಾತ್ರ ನಿಂತುಹೋಗುತ್ತದೆ. ಅಗಲದ ಟೈರ್ ಹಾಕುವುದೂ ಅಷ್ಟೇ, ರಸ್ತೆಯ ಉಬ್ಬುತಗ್ಗನ್ನು ಅದು ಇನ್ನೂ ಜಾಸ್ತಿ ಹಿಂಬಾಲಿಸುತ್ತದೆ.

ಓಡಿಸಬಹುದಾ ಅಂತ ಕೇಳಿದ್ದೀರಿ. ತೇಲುವುದೊಂದೇ ಇದ್ದರೆ 40ರೊಳಗೆ ಊರಿನಲ್ಲಿ ನಿಧಾನ ಓಡಿಸಿ ಅನ್ನುತ್ತಿದ್ದೆ. ಆದರೆ ನಿಮ್ಮ ಗಾಡಿ ಬ್ರೇಕ್ ಹಾಕಿದಾಗ ದಾರಿ ಬಿಡುತ್ತದೆ, ಜೊತೆಗೆ ಸ್ಟೀರಿಂಗ್ ವಾಪಸ್ ಬರುವುದಿಲ್ಲ. ಮಂಡಗದ್ದೆ, ಸಕ್ರೆಬೈಲು ಕಡೆಯ ಕಾಡಿನ ತಿರುವುಗಳಲ್ಲಿ ಎದುರಿಗೆ ಬಸ್ಸು ಬಂದಾಗ ನೀವು ಮಾಡುವುದೇ ಬ್ರೇಕ್ ಹಾಕಿ ಎಡಕ್ಕೆ ತಿರುಗಿಸುವುದು. ಹಾಗಾಗಿ ಗ್ಯಾರೇಜಿಗೆ ಹೋಗುವುದು, ಮೇಲೆ ಹೇಳಿದ ಪರೀಕ್ಷೆಗಳಿಗೆ ಖಾಲಿ ರಸ್ತೆಯಲ್ಲಿ ನಿಧಾನ ಓಡಿಸುವುದು ಬಿಟ್ಟು ಬೇರೆ ಓಡಾಟ ಬೇಡ. 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿ ಇಳಿಯುವ ಮಾತಂತೂ ಸದ್ಯಕ್ಕೆ ಮರೆತುಬಿಡಿ. ಪರೀಕ್ಷೆ ಮಾಡುವಾಗ ಲೋವರ್ ಆರ್ಮಿನ ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡ್ ಕಣ್ಣಿಗೆ ಕಾಣುವಷ್ಟು ಅಲ್ಲಾಡಿದರೆ, ಅಥವಾ ಬುಷ್ ಕೂರುವ ಜಾಗದಲ್ಲಿ ತಗಡು ತುಕ್ಕು ಹಿಡಿದು ಉದುರಿದರೆ, ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ. ಟೈ ರಾಡ್ ಕಳಚಿದರೆ ಆ ಚಕ್ರ ನಿಮ್ಮ ಮಾತು ಕೇಳುವುದಿಲ್ಲ. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ಕೆಲಸದ ಕ್ರಮ ಹೀಗಿರಲಿ. ಮೊದಲು ರ‍್ಯಾಕಿನ ಆ ಸ್ಕ್ರೂವನ್ನು ಕಂಪನಿ ಹೇಳಿದ ಲೆಕ್ಕಕ್ಕೆ ಸಡಿಲ ಮಾಡಿಸಿ. ತೀರಾ ಬಿಟ್ಟರೆ ರ‍್ಯಾಕ್ ಗಡಗಡ ಅನ್ನುತ್ತದೆ, ಅಂದಾಜಿನ ಮೇಲೆ ಬೇಡ. ಆಮೇಲೆ ಸ್ಟೆಬಿಲೈಜರ್ ಬುಷ್ಷುಗಳನ್ನು ಎರಡೂ ಕಡೆ ಬದಲಿಸಿ. ಎಡಗಡೆಯದ್ದು ಮಾತ್ರ ಹೋಗಿದ್ದರೂ ಎರಡೂ ಕಡೆ ಹಾಕಿಸಿ, ಒಂದು ಹೊಸದು ಒಂದು ಹಳೆಯದಾದರೆ ಗಾಡಿ ಹೊಸ ರೀತಿಯಲ್ಲಿ ಎಳೆಯುತ್ತದೆ. ಲೋವರ್ ಆರ್ಮ್ ಬುಷ್ ಕೂಡ ಬಿರಿದಿದ್ದರೆ ಜೊತೆಗೇ ಮುಗಿಸಿ, ಕೂಲಿ ಉಳಿಯುತ್ತದೆ. ಆ ಬುಷ್ಷಿನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಕೊನೆಯ ಬಿಗಿ ಕೊಡಬಾರದು. ಗಾಡಿ ನೆಲಕ್ಕಿಳಿದು ಭಾರ ಬಿದ್ದ ಮೇಲೆ ಬಿಗಿ ಮಾಡಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಕೂತು ಆರು ತಿಂಗಳಿಗೆ ಹರಿಯುತ್ತದೆ. ಅವಸರದಲ್ಲಿ ಇದನ್ನು ಮರೆಯುವವರೇ ಜಾಸ್ತಿ, ಪಕ್ಕದಲ್ಲಿ ನಿಂತು ನೆನಪಿಸಿ. ಟೈ ರಾಡ್ ಎಂಡ್ ಸವೆದಿದ್ದರೆ ಅದೂ ಈಗಲೇ. ಹೊಸ ಟೈರ್ ಅದರ ನಂತರ. ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ. ಅಲ್ಲಿ ಸ್ಟೀರಿಂಗ್ ಸೊಟ್ಟ ನಿಂತರೆ ವೀಲ್ ಬಿಚ್ಚಿ ತಿರುಗಿಸಿ ಹಾಕಲು ಬಿಡಬೇಡಿ. ಎರಡೂ ಟೈ ರಾಡಿನಲ್ಲೇ ಸಮವಾಗಿ ತಿದ್ದಬೇಕು, ಇಲ್ಲದಿದ್ದರೆ ರ‍್ಯಾಕ್ ನಡುಮಧ್ಯದಲ್ಲಿ ಇರುವುದಿಲ್ಲ. ಇಷ್ಟಾದ ಮೇಲೂ ತೇಲಿದರೆ ಹಿಂದಿನ ಆಕ್ಸಲ್ ಬುಷ್ ನೋಡಿಸಿ. ಹಿಂದಿನ ಆಕ್ಸಲ್ ಸರಿದಾಡಿದರೂ ಡ್ರೈವರಿಗೆ ಅದು ಸ್ಟೀರಿಂಗ್ ದೋಷದಂತೆಯೇ ಅನ್ನಿಸುತ್ತದೆ. ರ‍್ಯಾಕಿನ ಸರದಿ ಇವೆಲ್ಲ ಆದ ಮೇಲೆ. ಮೇಲಿನ ಪರೀಕ್ಷೆಯಲ್ಲಿ ಅದೇ ಸಿಕ್ಕಿಬಿದ್ದರೆ ಮಾತ್ರ ಮೊದಲು.

ಸುಮಾರು 500 ಕಿ.ಮೀ. ಓಡಿಸಿದ ಮೇಲೆ ಸ್ಟೆಬಿಲೈಜರ್ ನಟ್ ಮತ್ತು ಟೈ ರಾಡಿನ ಲಾಕ್ ನಟ್‌ಗಳನ್ನು ಇನ್ನೊಮ್ಮೆ ನೋಡಿಸಿ. ನಟ್ಟಿಗೆ ಅಡ್ಡಲಾಗಿ ಹಾಕುವ ಸ್ಪ್ಲಿಟ್ ಪಿನ್ನುಗಳನ್ನು ಮಾತ್ರ ನೀವೇ ಬಗ್ಗಿ ಕಣ್ಣಾರೆ ನೋಡಿ. ಹಳೇ ಪಿನ್ನನ್ನೇ ನೆಟ್ಟಗೆ ಮಾಡಿ ಮತ್ತೆ ಹಾಕಿದ್ದರೆ ತೆಗೆಸಿ ಹೊಸದು ಹಾಕಿಸಿ, ಚಿಲ್ಲರೆ ಕಾಸಿನ ಸಾಮಾನು ಅದು.